ಭುವನೇಶ್ವರಿಯ ವಕೀಲರು



ನವರಾತ್ರಿಯಲ್ಲಿ ದೇವಿಯನ್ನು ಕಲಶದಲ್ಲಿ ಆವಾಹಿಸುವ ನಮಗೆ, ಆಕೆಯನ್ನು ನಾಡಿನ ಮಣ್ಣಿನಲ್ಲಿಯೇ ಕಂಡ ಗೃಹಸ್ಥರೊಬ್ಬರ ಸ್ಮರಣೆ ಶ್ರೇಯಸ್ಕರವಾದುದು. ಅವರೇ ಆಲೂರ ವೆಂಕಟರಾಯರು (1880–1964). ಮುಂಬಯಿಯಲ್ಲಿ ಕಾನೂನು ಓದಿ ಧಾರವಾಡದಲ್ಲಿ ವಕೀಲಿ ಹಿಡಿದವರು.

ತಾರುಣ್ಯದಲ್ಲಿ ಒಮ್ಮೆ ಅವರು ಹಂಪೆಯ ಬಂಡೆಗಲ್ಲುಗಳ ನಡುವೆ ಅಲೆದರು. ಪಾಳುಬಿದ್ದ ರಾಜಧಾನಿಯನ್ನು ಕಂಡ ಮನಸ್ಸು ಮತ್ತೆ ಮೊದಲಿನಂತಾಗಲಿಲ್ಲ. ಕಕ್ಷಿಗಾರರ ಪರವಾಗಿ ವಾದಿಸುತ್ತಿದ್ದವರು, ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರ ವಕಾಲತ್ತು ವಹಿಸಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದಿತು. ತಿಲಕರ ‘ಗೀತಾರಹಸ್ಯ’ವನ್ನೂ ಕನ್ನಡಿಸಿದರು. ವಕೀಲಿಯ ಗಳಿಕೆ ಹಿಂದೆ ಸರಿಯಿತು. ಗಳಿಕೆ ಕುಗ್ಗಿದ ಮನೆಯಲ್ಲಿ ತ್ಯಾಗವು ಯಜಮಾನನೊಬ್ಬನದೇ ಅಲ್ಲ, ಮನೆಮಂದಿಯೆಲ್ಲರದು ಎಂಬುದನ್ನು ನಾವು ಮರೆಯಲಾಗದು.

ಗೀತೆಯನ್ನು ಓದುವುದು ಸುಲಭ, ಬಾಳುವುದು ಕಷ್ಟ. ಫಲವನ್ನು ಕಾಣಲು ಅವರಿಗೆ ಅರ್ಧ ಶತಮಾನ ಹಿಡಿಯಿತು. 1956ರ ನವೆಂಬರ್ 1ರಂದು ರಾಜ್ಯವು ಉದಯಿಸಿದಾಗ, ಆ ವೃದ್ಧರು ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು.

ಹೊರನಾಡಿನಲ್ಲಿ ನೆಲಸಿದ ನಾವು, ಕಚೇರಿಯಿಂದ ದಣಿದು ಬಂದ ಸಂಜೆಯಲ್ಲಿ ಮಗುವಿಗೆ ನಾಲ್ಕು ಕನ್ನಡ ಅಕ್ಷರಗಳನ್ನು ತಿದ್ದಿಸಿದರೆ, ಅದೂ ಆಕೆಗೆ ಸಲ್ಲುವ ಅರ್ಚನೆಯೇ. ಮಾಡುವುದು ನಮ್ಮದು, ಫಲವು ತಾಯಿಯ ಚರಣಕ್ಕೆ ಅರ್ಪಿತವಾಗಲಿ.