ಹಚ್ಚೆ ಅಳಿಸಿದರೆ ಹರಕೆ ಅಳಿಯುತ್ತದೆಯೇ?

ಕೊರವಂಜಿಯರು ಊರೂರು ತಿರುಗಿ ಸೂಜಿಯಲ್ಲಿ ಹಚ್ಚೆ ಚುಚ್ಚುತ್ತಿದ್ದ ಕಾಲದಲ್ಲಿ ಹೆಂಗಸರಲ್ಲೊಂದು ನಂಬಿಕೆಯಿತ್ತು: ಸತ್ತಾಗ ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ. ಆ ನಂಬಿಕೆಯ ಎಳೆ ಇನ್ನೂ ಕಡಿದಿಲ್ಲ. ತೋಳಿನ ಮೇಲಿನ ದೇವರ ಹೆಸರನ್ನೋ ಬಿಟ್ಟುಹೋದ ಗಂಡನ ಹೆಸರನ್ನೋ ಲೇಸರ್‌ನಲ್ಲಿ ತೆಗೆಸುವ ಮಾತು ಬಂದರೆ, ಖರ್ಚಿನ ಜೊತೆಗೆ ಪಾಪದ ಲೆಕ್ಕವೂ ಶುರುವಾಗುತ್ತದೆ. ಗುರುತು ಹೋದರೆ ಅದರ ಹಿಂದಿನ ಹರಕೆಯೂ ಹೋದಂತೆಯೇ? ಅಲ್ಲವೆಂಬುದು ನನ್ನ ವಾದ. ಅದಕ್ಕೆ ಮೊದಲ ಸಾಕ್ಷಿ ಚರ್ಮದ ಒಳಗೇ ಇದೆ.

ಹಚ್ಚೆಯ ಮಸಿ ಬಟ್ಟೆಗೆ ಹತ್ತಿದ ಬಣ್ಣದಂತೆ ಸುಮ್ಮನೆ ಕೂತಿರುವುದಿಲ್ಲ. ಹೊರಗಿನಿಂದ ಬಂದದ್ದನ್ನು ನುಂಗುವ ರಕ್ಷಕ ಕೋಶಗಳು ಅದನ್ನು ಹಿಡಿದಿಟ್ಟಿರುತ್ತವೆ. ಹಳೆಯ ಕೋಶ ಸತ್ತಾಗ ಹೊರಬಿದ್ದ ಮಸಿಯನ್ನು ಹೊಸದು ಬಂದು ಮತ್ತೆ ನುಂಗುತ್ತದೆಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಅಂದರೆ ನಾವು ಶಾಶ್ವತ ಎನ್ನುವುದು ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತಲೇ ಇರುವ ಗುರುತು. ಇನ್ನು ಲೇಸರ್ ಅದನ್ನು ಇಲ್ಲವಾಗಿಸುತ್ತದೆಯೇ ಎಂದರೆ, ಅದೂ ಇಲ್ಲ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುವ ಬೆಳಕಿನ ಹೊಡೆತಕ್ಕೆ ಮಸಿಯ ಕಣ ಒಡೆದು ಚೂರಾಗುತ್ತದೆ. ಆ ಚೂರುಗಳನ್ನು ದೇಹವೇ ನಿಧಾನವಾಗಿ ಸಾಗಿಸುತ್ತದೆ, ಕೆಲವು ದುಗ್ಧರಸ ಗ್ರಂಥಿಗಳಲ್ಲಿ ಉಳಿದೇಬಿಡುತ್ತವೆ. ವಾರಗಳ ಅಂತರ ಕೊಟ್ಟು ಹಲವು ಸಲ ಹೋಗಬೇಕು. ಕಪ್ಪು ಬೇಗ ಬಿಡುತ್ತದೆ, ಹಸಿರು ಹಟಮಾರಿ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಚರ್ಮದ ಸಹಜ ಬಣ್ಣವೂ ಆ ಬೆಳಕನ್ನು ಹೀರುವುದರಿಂದ, ಎಚ್ಚರ ತಪ್ಪಿದರೆ ಹಚ್ಚೆಯಿದ್ದ ಜಾಗದಲ್ಲಿ ಬಿಳಿ ಕಲೆ ಬೀಳುವುದುಂಟು.

ಎರಡನೆಯ ಸಾಕ್ಷಿ ಸಂಪ್ರದಾಯದ್ದೇ. ಮಾಧ್ವ ಮಠಗಳಲ್ಲಿ ಆಷಾಢ ಶುದ್ಧ ಏಕಾದಶಿಯಂದು ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಮೈಗೆ ಒತ್ತಿಸಿಕೊಳ್ಳುತ್ತಾರೆ, ಮರುವರ್ಷ ಮತ್ತೆ ಸರದಿಯಲ್ಲಿ ನಿಲ್ಲುತ್ತಾರೆ. ಶ್ರೀವೈಷ್ಣವರಿಗೆ ಇದೇ ಮುದ್ರೆಗಳನ್ನು ತೋಳಿಗೆ ಒತ್ತಿಸಿಕೊಳ್ಳುವ ಸಮಾಶ್ರಯಣ ಬದುಕಿನಲ್ಲಿ ಒಮ್ಮೆ; ತೋಳಿನ ಕಲೆ ಮಾಸಿತೆಂದು ಶರಣಾಗತಿ ಮುಗಿಯಿತೆಂದು ಅವರಾರೂ ಎಣಿಸುವುದಿಲ್ಲ. ಒಬ್ಬರು ಮತ್ತೆ ಮತ್ತೆ ಹಾಕಿಸಿಕೊಂಡು, ಇನ್ನೊಬ್ಬರು ಒಮ್ಮೆ ಹಾಕಿಸಿಕೊಂಡು ಮರೆತು, ಇಬ್ಬರೂ ಚರ್ಮವನ್ನು ನೆಚ್ಚಿಕೊಂಡಿಲ್ಲ.

ತಾನಾಗಿ ಮಾಸುವುದು ಬೇರೆ, ಬೇಕೆಂದೇ ಅಳಿಸುವುದು ಬೇರೆ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಆಕ್ಷೇಪ. ಆದರೆ ಹಾಗೆಂದ ಕೂಡಲೇ ಪ್ರಶ್ನೆ ಚರ್ಮ ಬಿಟ್ಟು ಸಂಕಲ್ಪಕ್ಕೆ ಬಂತು. ಭಕ್ತಿ ಬಿಟ್ಟವನು ಹಚ್ಚೆ ಉಳಿಸಿಕೊಂಡರೂ ಬಿಟ್ಟವನೇ. ಬುದ್ಧಿ ಬಲಿಯುವ ಮೊದಲೇ, ಅಳುವಾಗ ಬೇರೆಯವರು ಕೈ ಹಿಡಿದು ಚುಚ್ಚಿಸಿದ ಹುಡುಗಿಗೆ ಆ ಗುರುತಿನ ಸಂಕಲ್ಪವೇ ಇರಲಿಲ್ಲ. ಸಂಕಲ್ಪ ಹೇಳಿಸದೆ ಸತ್ಯನಾರಾಯಣ ಪೂಜೆಯನ್ನೂ ಶುರುಮಾಡದ ನಾವು ಅವಳ ಮೇಲೆ ಯಾವ ವ್ರತಭಂಗ ಹೊರಿಸುತ್ತೇವೆ? ದೇವರು ಕೊಟ್ಟ ಮೈಯನ್ನು ಮುಟ್ಟಬಾರದೆಂಬ ಇನ್ನೊಂದು ಮಾತಂತೂ ಕಿವಿ ಚುಚ್ಚಿಸುವ ಮನೆಗಳಿಂದ ಬರಬಾರದು.

ಇದೇ ತರ್ಕ, ಹಚ್ಚೆಯ ಜೊತೆಗೆ ಗಾಯದ ಕಲೆಯನ್ನೂ ತೆಗೆಯುವ ಕ್ಲಿನಿಕ್ಕಿನವರಿಗೂ ತಾಗುತ್ತದೆ. ಕಲೆ ತೆಗೆಯುವುದನ್ನು ಹೊಸ ಜನ್ಮವೆಂದು ಮಾರುವ ಜಾಹೀರಾತೂ ಬದುಕನ್ನು ಚರ್ಮದಲ್ಲೇ ಹುಡುಕುತ್ತದೆ. ಬೇರೊಬ್ಬ ಸುಟ್ಟ ಗಾಯದ ಕಲೆ ತಿಳಿಯಾದರೆ ಕನ್ನಡಿಯ ಮುಂದಿನ ಸಂಕಟ ಕಡಿಮೆಯಾಗುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ಸುಟ್ಟವನ ಋಣ ಅವನ ಲೆಕ್ಕದಲ್ಲೇ ಇರುತ್ತದೆ, ಕಲೆ ಇರಲಿ ಬಿಡಲಿ.