ತಡವಾಗಿ ಬಂದ ಓದು: ಶ್ರವಣ, ಮನನ, ನಿದಿಧ್ಯಾಸನ

ಅರವತ್ತು ದಾಟಿದ ಮೇಲೆ ಪುಸ್ತಕ ಹಿಡಿದವರಿಗೆ ಮನೆಯಲ್ಲೇ ಒಂದು ಮಾತು ಕಾದಿರುತ್ತದೆ: ‘ಈ ವಯಸ್ಸಲ್ಲಿ ಓದಿ ಯಾವ ಪರೀಕ್ಷೆ ಬರೀಬೇಕು?’ ಓದುವುದು ಎಳೆಯರ ಕೆಲಸ, ಅದೂ ಪರೀಕ್ಷೆಗಾಗಿ ಎಂಬ ಲೆಕ್ಕಾಚಾರ ಈ ಮಾತಿನ ಹಿಂದಿದೆ. ವೇದಾಂತಿಗಳು ಅರಿವಿಗೆ ಹೇಳಿದ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಇವುಗಳ ಮೂಲ ಬೃಹದಾರಣ್ಯಕ ಉಪನಿಷತ್ತು. ಸಂಸಾರ ಬಿಟ್ಟು ಹೊರಟ ಯಾಜ್ಞವಲ್ಕ್ಯ ತನ್ನ ಇಬ್ಬರು ಹೆಂಡಿರಾದ ಮೈತ್ರೇಯಿ, ಕಾತ್ಯಾಯನಿಯರಿಗೆ ಆಸ್ತಿ ಹಂಚಲು ಮುಂದಾಗುತ್ತಾನೆ. ಆಸ್ತಿಯಿಂದ ಅಮೃತತ್ವ ಸಿಗದು ಎಂದು ತಿಳಿದ ಮೈತ್ರೇಯಿ ಅರಿವನ್ನೇ ಕೊಡು ಎನ್ನುತ್ತಾಳೆ. ಆಗ ಅವನು ಕೊಟ್ಟ ಉಪದೇಶದಲ್ಲೇ ಈ ಮೂರು ಮೆಟ್ಟಿಲುಗಳಿವೆ. ಪಾಠ ಶುರುವಾಗುವುದು ಸಂಸಾರ ಮುಗಿಯುವ ಹೊತ್ತಿಗೆ!

ಶ್ರವಣವೆಂದರೆ ಮಾತು ಕಿವಿಗೆ ಬೀಳುವುದಷ್ಟೇ ಅಲ್ಲ, ಅದರ ತಾತ್ಪರ್ಯವನ್ನು ಗಟ್ಟಿಮಾಡಿಕೊಳ್ಳುವುದು. ‘ಇದು ಹೇಗೆ ಸಾಧ್ಯ?’ ಎಂಬ ಸಂಶಯವನ್ನು ಯುಕ್ತಿಯಿಂದ ಬಗೆಹರಿಸಿಕೊಳ್ಳುವುದು ಮನನ. ಬುದ್ಧಿ ಒಪ್ಪಿದರೂ ಹಳೆಯ ರೂಢಿ ಬಿಡುವುದಿಲ್ಲ; ಅದಕ್ಕೆ ವಿಪರೀತ ಭಾವನೆ ಎಂದು ಹೆಸರು. ಅದು ಕರಗುವ ತನಕ ತಿಳಿದದ್ದರಲ್ಲೇ ನೆಲೆನಿಲ್ಲುವುದು ನಿದಿಧ್ಯಾಸನ. ಶಾಸ್ತ್ರ ಇದನ್ನು ಹೇಳಿದ್ದು ಆತ್ಮಜ್ಞಾನದ ವಿಚಾರದಲ್ಲಿ. ಆದರೂ ತಡವಾಗಿ ಹತ್ತಿದ ಓದಿನ ರುಚಿಯನ್ನು ಅರ್ಥಮಾಡಿಕೊಳ್ಳಲು ಇದು ಒದಗುತ್ತದೆ.

ಶಿವನಸಮುದ್ರದ ಆಸುಪಾಸಿನ ಮಳವಳ್ಳಿ, ಕೊಳ್ಳೇಗಾಲ ಸೀಮೆಯನ್ನೇ ನೋಡಿ. ಇಲ್ಲಿ ಕೇಳ್ಮೆಗೆ ಎಂದೂ ಬರವಿರಲಿಲ್ಲ. ಜನಪದ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿ ಎಂಬ ಸಂತರ ಕಥೆಯನ್ನು ರಾತ್ರಿಯಿಡೀ ಹಾಡುತ್ತ ಬಂದಿದ್ದಾರೆ. ವೇದ ಕೇಳುವ ಅಧಿಕಾರ ಯಾರಿಗೆ ಎಂದು ಶಾಸ್ತ್ರ ಗೆರೆ ಎಳೆದಿತ್ತು. ತಂಬೂರಿಯ ಮುಂದೆ ಕೂರಲು ಅಕ್ಷರವೂ ಬೇಕಿರಲಿಲ್ಲ, ಶಾಸ್ತ್ರದ ಅಪ್ಪಣೆಯೂ ಬೇಕಿರಲಿಲ್ಲ. ಹೀಗೆ ಕೇಳಿ ಬೆಳೆದವರು ಇಳಿವಯಸ್ಸಿನಲ್ಲಿ ಪುಸ್ತಕ ತೆರೆದರೆ ಬರಿಗೈಯಲ್ಲಿ ಬಂದವರೇನಲ್ಲ.

ಹಾಗೆಂದು ಬದುಕಿದ್ದೆಲ್ಲ ತಾನಾಗಿಯೇ ಅರಿವಾಗುವುದಿಲ್ಲ. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳಲ್ಲಿ ಕಾವೇರಿ ಲಾಗಾಯ್ತಿನಿಂದ ಧುಮುಕುತ್ತಲೇ ಇತ್ತು. 1902ರಲ್ಲಿ ಇಲ್ಲಿನ ವಿದ್ಯುದಾಗಾರ ಶುರುವಾದ ಮೇಲಷ್ಟೇ ಆ ನೀರಿನ ಬಲ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಅನುಭವದ ರಭಸವನ್ನು ಬೆಳಕಾಗಿಸಲು ಮನನವೆಂಬ ಯಂತ್ರ ತಿರುಗಬೇಕು. ಅದನ್ನು ತಿರುಗಿಸುವ ಕೆಲಸವನ್ನು ಒಳ್ಳೆಯ ಪುಸ್ತಕ ಮಾಡಬಲ್ಲದು.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಒಂದು ಮನೆತನದ ಮೂರು ತಲೆಮಾರಿನ ಕಥೆ. ಇಪ್ಪತ್ತರ ಓದುಗನಿಗೆ ಹೊಸ ಕಾಲದ ಮೊಮ್ಮಗ ರಾಮನ ತಳಮಳವೇ ಹತ್ತಿರ. ಅರವತ್ತರ ಓದುಗಿತಿ ಆ ಮನೆಯ ಹೆಂಗಸರ ದುಡಿಮೆಯ ಪುಟಗಳಲ್ಲಿ ತಡೆದು ನಿಲ್ಲಬಹುದು. ತನ್ನ ಅತ್ತೆ, ತಾಯಿ ಯಾಕೆ ಹಾಗಿದ್ದರು ಎಂಬ ಪ್ರಶ್ನೆ ಅವಳಿಗೆ ಆಗ ಏಳುತ್ತದೆ. ಅದೇ ಮನನ.

ಈ ಮೂರರಲ್ಲಿ ಮುಖ್ಯ ಯಾವುದು? ಅದ್ವೈತಿಗಳಲ್ಲೇ ಒಮ್ಮತವಿಲ್ಲ. ಪ್ರಕಾಶಾತ್ಮರ ವಿವರಣ ಪಂಥ ಶ್ರವಣವೇ ಪ್ರಧಾನ ಎನ್ನುತ್ತದೆ; ವಾಚಸ್ಪತಿ ಮಿಶ್ರರ ಭಾಮತೀ ಪಂಥ ನಿದಿಧ್ಯಾಸನಕ್ಕೆ ಹೆಚ್ಚಿನ ತೂಕ ಕೊಡುತ್ತದೆ. ತಡವಾಗಿ ಓದಲು ಕೂತವರ ಮಟ್ಟಿಗೆ ಭಾಮತಿಯ ಮಾತೇ ಹೆಚ್ಚು ಒಪ್ಪುತ್ತದೆ. ವಯಸ್ಸು ಅನುಭವವನ್ನು ಕೊಡುವಂತೆ ಹಟವನ್ನೂ ಕೊಡುತ್ತದೆ. ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂದು ಪುಟಪುಟಕ್ಕೂ ತಲೆದೂಗುವವರು ಓದುತ್ತಿರುವುದು ಪುಸ್ತಕವನ್ನಲ್ಲ, ತಮ್ಮನ್ನೇ. ಜಾತಿ, ಹೆಣ್ಣು, ಹೊಸ ಪೀಳಿಗೆ ಇವುಗಳ ಬಗ್ಗೆ ನಲವತ್ತು ವರ್ಷ ನಂಬಿದ್ದನ್ನು ಪುಸ್ತಕವೊಂದು ಅಲುಗಾಡಿಸಿದಾಗ ಆ ಪುಸ್ತಕವನ್ನು ಮುಚ್ಚಿಡದೆ ಮತ್ತೆ ಮತ್ತೆ ತೆರೆಯುವುದೇ ಕಷ್ಟದ ಮೆಟ್ಟಿಲು.

ಕಳೆದ ವರ್ಷಗಳನ್ನು ಎಣಿಸುತ್ತ, ಓದದೆ ಉಳಿದ ಪುಸ್ತಕಗಳಿಗಾಗಿ ಕೊರಗಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ನಿಮ್ಮೂರಿನದಕ್ಕೆ ಹೋಗಿ, ಒಂದೇ ಪುಸ್ತಕ ತನ್ನಿ. ಬೇಗ ಮುಗಿಸುವ ಆತುರ ಬೇಡ. ಓದಿದ್ದನ್ನು ಸೊಸೆಗೋ ಮೊಮ್ಮಗನಿಗೋ ಹೇಳಿ. ಅವರು ಒಪ್ಪದಿದ್ದರೆ ಸಿಟ್ಟಾಗದೆ ಆ ಪುಟವನ್ನು ಇನ್ನೊಮ್ಮೆ ಓದಿ.