ಲೆಕ್ಕಕ್ಕೆ ಸಿಕ್ಕದವರು

ಬೈಬಲನ್ನು ಓದಹೊರಟ ಹಲವರು ದಣಿದು ನಿಲ್ಲುವುದು ಅದರ ಪಟ್ಟಿಗಳ ಮುಂದೆ. ಯಾರ ಮಗ ಯಾರು, ಯಾವ ಕುಲದಲ್ಲಿ ಎಷ್ಟು ಮಂದಿ, ಯಾವ ಕಂಬಕ್ಕೆ ಎಷ್ಟು ಬೆಳ್ಳಿ—ಹೀಗೆ ಪುಟದ ಮೇಲೆ ಪುಟ. ಮೂವತ್ತು ವರ್ಷ ಲೆಕ್ಕದ ಗುಮಾಸ್ತೆಯಾಗಿ ಜೀವ ತೇಯ್ದ ನನಗೆ ಮಾತ್ರ, ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಭಾಗವೇ ಮೊದಲು ರುಚಿಸಿತು.

ವಿಮೋಚನಕಾಂಡದ ಕೊನೆಯ ಕಡೆ ದೇವದರ್ಶನದ ಗುಡಾರದ ಜಮಾಖರ್ಚು ಇದೆ. ಮೋಶೆಯ ಅಪ್ಪಣೆಯಂತೆ ಅದನ್ನು ನೋಡಿಕೊಂಡವನು ಆರೋನನ ಮಗ ಈತಾಮಾರ. ಎಣಿಕೆಗೆ ಬಂದ ಗಂಡಸರು 6,03,550. ತಲೆಗೆ ಅರ್ಧ ಶೆಕೆಲ್ ಬೆಳ್ಳಿ. ಧನವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಮೂರು ಸಾವಿರ ಶೆಕೆಲ್ಲಿಗೆ ಒಂದು ತಲಾಂತು. ಕಾಗದ ತೆಗೆದು ಗುಣಿಸಿದೆ: 100 ತಲಾಂತು, ಮೇಲೆ 1,775 ಶೆಕೆಲ್. ಗ್ರಂಥದಲ್ಲಿಯೂ ಅಷ್ಟೇ! ನೂರು ತಲಾಂತು ನೂರು ಅಡಿಪೀಠಗಳಿಗೆ ಹೋಯಿತು. ಚಿಲ್ಲರೆ 1,775 ಕಂಬಗಳ ಕೊಂಡಿಗೆ, ಕಟ್ಟಿಗೆ. ಕ್ರೈಸ್ತರಾದ ನನ್ನ ಮಿತ್ರರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ಹಿಗ್ಗಿದರು. "ನೋಡಿದಿರಾ ರಾಯರೇ, ನಮ್ಮ ದೇವರು ಕೊಂಡಿಯನ್ನೂ ಮರೆಯುವವನಲ್ಲ!"

ಒಪ್ಪಬಹುದಾದ ಮಾತೇ. ಆದರೆ ಅದೇ ಗ್ರಂಥದಲ್ಲಿ ದಾವೀದನೂ ಇದ್ದಾನೆ. ಸೇನಾಪತಿ ಯೋವಾಬ ಬೇಡವೆಂದರೂ ಕೇಳದೆ ಅವನು ಖಾನೇಷುಮಾರಿ ಮಾಡಿಸಿದ. ಒಂಬತ್ತು ತಿಂಗಳು ಇಪ್ಪತ್ತು ದಿನ ಹಿಡಿಯಿತು. ಎಣಿಸಿ ಮುಗಿದ ಮೇಲೆ ರಾಜನಿಗೆ ಮನಸ್ಸು ಚುಚ್ಚಿತು. ಬಂದ ವ್ಯಾಧಿಯಲ್ಲಿ ಎಪ್ಪತ್ತು ಸಾವಿರ ಜನ ಸತ್ತರು. ಮೋಶೆ ಎಣಿಸಿದ್ದು ಪುಣ್ಯ, ದಾವೀದ ಎಣಿಸಿದ್ದು ಪಾಪ, ಏಕೆ? ಗ್ರಂಥ ಬಿಡಿಸಿ ಹೇಳುವುದಿಲ್ಲ. ಮೋಶೆಯೂ ಯುದ್ಧಕ್ಕೆ ಹೋಗಬಲ್ಲವರನ್ನೇ ಎಣಿಸಿದ್ದ. ನನಗೆ ತೋರುವುದಿಷ್ಟು: ಅಲ್ಲಿ ಜನ ದೇವರ ಸೊತ್ತಾಗಿ ಪಟ್ಟಿಗೆ ಬಂದರು, ಇಲ್ಲಿ ಅರಸನ ಕತ್ತಿಗಳಾಗಿ. ಅಂಕಿಗೆ ಮಾತ್ರ ಈ ಭೇದ ತಿಳಿಯದು.

ಇನ್ನೂ ಕಠಿಣವಾದುದು ಎಜ್ರನ ಪುಸ್ತಕ. ಕ್ರಿ.ಪೂ. 538ರ ಸುಮಾರಿಗೆ ಪಾರಸಿಯ ಅರಸ ಕೋರೆಷನ ಅಪ್ಪಣೆಯಾಗಿ ಬಾಬಿಲೋನಿನಿಂದ ಮರಳಿದವರ ಪಟ್ಟಿ ಅದರಲ್ಲಿದೆ. ಕೊನೆಯಲ್ಲಿ ಬರೆದ ಮೊತ್ತ 42,360. ಬಿಡಿ ಅಂಕಿಗಳನ್ನು ಕೂಡಿದರೆ 29,818 ಮಾತ್ರ! ನೆಹೆಮೀಯನ ಪುಸ್ತಕದಲ್ಲಿಯೂ ಇದೇ ಪಟ್ಟಿ, ಇದೇ ಮೊತ್ತ, ಕೂಡಿದರೆ 31,089. ಸಾವಿರಾರು ವರ್ಷ ಈ ಪುಟಗಳನ್ನು ನಕಲು ಮಾಡಿದವರಲ್ಲಿ ಕೂಡಿಸಲು ಬಲ್ಲವರು ಇರಲಿಲ್ಲವೆ? ಇದ್ದೇ ಇರಬೇಕು. ಆದರೂ ತಾಳೆಯಾಗದ ಲೆಕ್ಕ ಹಾಗೆಯೇ ನಮ್ಮ ಕೈಗೆ ಬಂದಿದೆ. ಮೊತ್ತ ಕೂಡದಾಗ ರಾತ್ರಿಯೆಲ್ಲ ಕುಳಿತು "ಸರಿ"ಮಾಡಿದ ನಮ್ಮಂಥವರು ಇದರ ಮುಂದೆ ತಲೆ ತಗ್ಗಿಸಬೇಕು. ದೈವದ ಕ್ರಮಕ್ಕೆ ಮನುಷ್ಯನ ತಿದ್ದುಪಡಿಯ ಆಸರೆ ಬೇಡವೆಂದು ನಂಬಿದವರಿಗೆ ಮಾತ್ರ ಹಾಗೆ ಬಿಟ್ಟಿರಲು ಧೈರ್ಯ ಬಂದೀತು.

ಆ ಪಟ್ಟಿಯಲ್ಲೇ ಕೆಲವು ಯಾಜಕ ಮನೆತನಗಳ ಸಂಗತಿ ಬರುತ್ತದೆ. ಅವರು ತಮ್ಮ ವಂಶದ ದಾಖಲೆ ಹುಡುಕಿದರು, ಸಿಕ್ಕಲಿಲ್ಲ. ಯಾಜಕತ್ವ ನಿಂತಿತು. ಆದರೆ ಅಧಿಪತಿ, ನೀವು ಯಾಜಕರೇ ಅಲ್ಲವೆಂದು ತೀರ್ಪು ಕೊಡಲಿಲ್ಲ. ಊರೀಮ್ ತುಮ್ಮೀಮುಗಳಿಂದ ದೇವರ ಚಿತ್ತ ತಿಳಿಯಬಲ್ಲ ಯಾಜಕನೊಬ್ಬ ಬರುವ ತನಕ ಪರಿಶುದ್ಧ ಆಹಾರ ಮುಟ್ಟಬೇಡಿರೆಂದ, ಅಷ್ಟೆ. ಪುಸ್ತಕದಲ್ಲಿ ಹೆಸರಿಲ್ಲದ್ದು ಪುಸ್ತಕದ ಸಂಗತಿ. ಕೊನೆಯ ಮಾತನ್ನು ಅವನು ಪುಸ್ತಕಕ್ಕೆ ಬಿಡಲಿಲ್ಲ.

ಇದನ್ನು ಓದಿದ ದಿನ ನನಗೆ ನಿದ್ರೆ ಹತ್ತಲಿಲ್ಲ. ನಾನಿದ್ದ ಕಚೇರಿಗೆ ಒಮ್ಮೆ ಒಬ್ಬ ಮುದುಕ ಬಂದಿದ್ದ. ಹಳೆಯ ಜವಾನ, ಪಿಂಚಣಿಗಾಗಿ ಅಲೆಯುತ್ತಿದ್ದ. ಅವನು ನೀರು ಹೊತ್ತು ತಂದುದನ್ನು ನಾನೇ ಕಂಡಿದ್ದೆ, ಆ ನೀರು ಕುಡಿದೂ ಇದ್ದೆ. ರಿಜಿಸ್ಟರು ತಿರುವಿದೆ. ಹೆಸರಿರಲಿಲ್ಲ. "ಇಲ್ಲವಲ್ಲಪ್ಪಾ" ಎಂದೆ.

"ಹಾಗಾದರೆ ಇಷ್ಟು ವರ್ಷ ನಾನು ಎಲ್ಲಿದ್ದೆ ಸ್ವಾಮಿ?" ಎಂದು ಕೇಳಿದ.

ನಾನು ಆಗಲೇ ಪುಸ್ತಕ ಮುಚ್ಚಿ ಕಪಾಟಿನಲ್ಲಿ ಇಟ್ಟಾಗಿತ್ತು.